ಡ್ರಮ್ಮರ್ ಬದಲಾದ, ಹಾಡು ಯಾರದ್ದು?

2025ರ ಮೇ ತಿಂಗಳಲ್ಲಿ, ಒಂದೇ ವಾರದ ಅಂತರದಲ್ಲಿ, ರಾಕ್ ಸಂಗೀತದ ಇಬ್ಬರು ಹೆಸರಾಂತ ಡ್ರಮ್ಮರ್‌ಗಳ ಕೆಲಸ ಹೋಯಿತು. ಫೂ ಫೈಟರ್ಸ್ ಬ್ಯಾಂಡಿನ ಜಾಶ್ ಫ್ರೀಸ್‌ಗೆ ಒಂದು ಫೋನ್ ಕರೆ ಬಂತು. ಬ್ಯಾಂಡ್ ಬೇರೆ ದಿಕ್ಕಿನಲ್ಲಿ ಹೋಗಲು ನಿರ್ಧರಿಸಿದೆ ಅಂದರು, ಕಾರಣ ಹೇಳಲಿಲ್ಲ. ನಲವತ್ತು ವರ್ಷದ ವೃತ್ತಿಯಲ್ಲಿ ಬ್ಯಾಂಡೊಂದು ತನ್ನನ್ನು ತೆಗೆದುಹಾಕಿದ್ದು ಇದೇ ಮೊದಲು ಅಂತ ಅವನೇ ಇನ್‌ಸ್ಟಾಗ್ರಾಂನಲ್ಲಿ ಬರೆದುಕೊಂಡ. ಇನ್ನೊಬ್ಬ ದಿ ಹೂ ಬ್ಯಾಂಡಿನ ಝ್ಯಾಕ್ ಸ್ಟಾರ್ಕಿ. ಅವನನ್ನು ಏಪ್ರಿಲ್‌ನಲ್ಲಿ ತೆಗೆದರು, ಕೆಲವೇ ದಿನದಲ್ಲಿ ವಾಪಸ್ ಕರೆದರು, ಮೇನಲ್ಲಿ ಮತ್ತೆ ತೆಗೆದರು. 1996ರಿಂದ, ಅಂದ್ರೆ ಇಪ್ಪತ್ತೊಂಬತ್ತು ವರ್ಷ, ಆ ಬ್ಯಾಂಡಿಗೆ ಬಾರಿಸಿದವನು ಅವನು.

"ಬೇರೆ ದಿಕ್ಕು" ಅನ್ನೋ ಮಾತು ಬೆಂಗಳೂರಿನಲ್ಲಿ ಐಟಿ ಕೆಲಸ ಮಾಡಿದ ಯಾರಿಗೂ ಹೊಸದಲ್ಲ. ನಾನೂ ಎಂಜಿನಿಯರಿಂಗ್ ಓದಿ ಆ ಕಡೆಯಿಂದಲೇ ಬಂದವನು. ಆದರೆ ಈ ಎರಡು ಸುದ್ದಿಗಳನ್ನು ಬರೀ ಲೇ-ಆಫ್ ಕತೆಯಾಗಿ ಓದಿದರೆ ಒಂದು ವಿಷಯ ತಪ್ಪಿಹೋಗುತ್ತೆ. ಸ್ಟಾರ್ಕಿ ವಿಚಾರದಲ್ಲಿ ಜಗಳ ನಡೆದಿದ್ದೇ ಹಾಡನ್ನು ಹೇಗೆ ನುಡಿಸಬೇಕು ಅನ್ನೋದರ ಮೇಲೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಗಾಯಕ ರೋಜರ್ ಡಾಲ್ಟ್ರಿ ವೇದಿಕೆ ಮೇಲೇ ಹಾಡು ನಿಲ್ಲಿಸಿ, ಡ್ರಮ್ಸ್ ಬಿಟ್ಟು ಬೇರೇನೂ ಕೇಳಿಸ್ತಿಲ್ಲ, ಶ್ರುತಿ ಸಿಗ್ತಿಲ್ಲ ಅಂತ ದೂರಿದ. ಆಮೇಲೆ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಹೇಳಿಕೆ ಕೊಟ್ಟು, ಸ್ಟಾರ್ಕಿಯ ಶೈಲಿ ಇತ್ತೀಚೆಗೆ ಬೆಳೆದು ಬದಲಾಗಿದೆ, ಅದನ್ನು ಸ್ವಲ್ಪ ಬಿಗಿ ಮಾಡಿಕೊಳ್ಳಬೇಕು ಅನ್ನೋ ಅರ್ಥದ ಮಾತಾಡಿದ.

ನೌಕರನ ಶೈಲಿ ಬೆಳೆದುಬಿಟ್ಟಿತು, ಅದೇ ತಕರಾರು. ಯೋಚಿಸಿ ನೋಡಿ, ಸ್ಟಾರ್ಕಿ ಬಂದದ್ದೇ ಸತ್ತುಹೋದ ಒಬ್ಬನ ಜಾಗಕ್ಕೆ. ಕೀತ್ ಮೂನ್ 1978ರ ಸೆಪ್ಟೆಂಬರ್ 7ರಂದು ತೀರಿಕೊಂಡ. ಮೂನ್ ಲೆಕ್ಕ ಇಟ್ಟುಕೊಂಡು ತಾಳ ಹಾಕುವ ಡ್ರಮ್ಮರ್ ಅಲ್ಲವೇ ಅಲ್ಲ. ಗಾಯಕ ಉಸಿರು ತಗೊಳ್ಳೋ ಜಾಗಗಳಲ್ಲೆಲ್ಲ ನುಗ್ಗಿ ಬಾರಿಸುತ್ತಿದ್ದ, ಸಾಲಿನ ಕೊನೆಗೆ ಉತ್ತರ ಕೊಡುತ್ತಿದ್ದ. ಕಾಲವನ್ನು ಹಿಡಿದಿಡುವ ಕೆಲಸ ಹೆಚ್ಚಾಗಿ ಟೌನ್‌ಶೆಂಡ್‌ನ ಗಿಟಾರಿನ ಮೇಲೆ ಬೀಳ್ತಿತ್ತು. ಮೂನ್ ಹೋದ ಮೇಲೆ ಬಂದ ಕೆನ್ನಿ ಜೋನ್ಸ್ ಒಳ್ಳೆಯ, ಅಚ್ಚುಕಟ್ಟು ಡ್ರಮ್ಮರ್. ಅವನು ತಾಳವನ್ನು ಡ್ರಮ್ಸಿಗೇ ವಾಪಸ್ ತಂದ. ತಪ್ಪೇನಿಲ್ಲ, ಆದರೆ ಹಾಡುಗಳು ಸುರಕ್ಷಿತ ಅನ್ನಿಸತೊಡಗಿದವು. ಬಿದ್ದೇಬಿಡ್ತು ಅನ್ನೋ ಭಯ ಇದ್ದಾಗಲೇ ಆ ಹಾಡುಗಳಿಗೆ ಜೀವ. ಡಾಲ್ಟ್ರಿಗೆ ಅವನು ಕೊನೆಗೂ ಒಗ್ಗಲಿಲ್ಲ.

ಸ್ಟಾರ್ಕಿ ಬಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಮೂನ್ ವಾಪಸ್ ಬಂದಂಗಿದೆ. ಬೀಟಲ್ಸ್‌ನ ರಿಂಗೋ ಸ್ಟಾರ್ ಮಗ ಅವನು, ಮೂನ್ ಅವರ ಮನೆಯ ಸ್ನೇಹಿತ, ಹುಡುಗನಾಗಿದ್ದಾಗ ಮೂನ್ ಅವನಿಗೆ ಡ್ರಮ್ ಸೆಟ್ ಕೊಟ್ಟಿದ್ದ. ಅವನು ಮೂನ್‌ನ ಗಲಾಟೆಯನ್ನು ತಂದ, ಆದರೆ ಒಳಗೆ ಗಡಿಯಾರ ಇಟ್ಟುಕೊಂಡು. ಮೂನ್ ಥರ ಕೇಳಿಸಬೇಕು, ಮೂನ್ ಥರ ತಪ್ಪಬಾರದು. ಯಾವ ಬದಲಿ ವಾದಕನಿಗೂ ಕೊಡುವ ಜಾಬ್ ಡಿಸ್ಕ್ರಿಪ್ಶನ್ ಇದೇ. ಇಪ್ಪತ್ತೊಂಬತ್ತು ವರ್ಷ ಆದಮೇಲೆ ಅವನು ತನ್ನ ಥರ ಬಾರಿಸೋಕೆ ಶುರು ಮಾಡಿದ್ದಕ್ಕೆ ನಾವು ಆಶ್ಚರ್ಯಪಡಬೇಕಾ?

ನನಗೆ ಈ ವಿಷಯದಲ್ಲಿ ಚೂರು ಸ್ವಾರ್ಥ ಇದೆ ಅಂತ ಮೊದಲೇ ಒಪ್ಪಿಕೊಂಡುಬಿಡ್ತೀನಿ. ಕಾಲೇಜಿನ ಐದನೇ ಸೆಮಿಸ್ಟರಿನಲ್ಲಿ ಫೆಸ್ಟಿಗೆ ಹತ್ತು ದಿನ ಇದ್ದಾಗ ನಮ್ಮ ಬ್ಯಾಂಡಿನ ಡ್ರಮ್ಮರ್‌ಗೆ ಟೈಫಾಯ್ಡ್ ಬಂತು. ಬೆಂಚ್ ಬಡಿಯೋದರಲ್ಲಿ ಹೆಸರು ಮಾಡಿದ್ದ ನನ್ನನ್ನು ಕೂರಿಸಿದರು. ಗಿಟಾರ್ ಬಾರಿಸೋ ಗೆಳೆಯ ಕೊಟ್ಟ ಸೂಚನೆ ಒಂದೇ: "ಅವನ ಥರಾನೇ ಬಾರಿಸು, ಜಾಸ್ತಿ ತಲೆ ಓಡಿಸಬೇಡ." ಹಾಡು ರೋಲಿಂಗ್ ಸ್ಟೋನ್ಸ್‌ನ 'ಹಾಂಕಿ ಟಾಂಕ್ ವಿಮೆನ್'. ಕಲಿಯೋಕೆ ಅಂತ ಆ ಹಾಡನ್ನು ಆಡಾಸಿಟಿ ಸಾಫ್ಟ್‌ವೇರಿಗೆ ಹಾಕಿ, ಬೀಟ್‌ಗಳ ನಡುವಿನ ಅಂತರ ಅಳೆಯೋಕೆ ಕೂತೆ. ಎಂಜಿನಿಯರಿಂಗ್ ಹುಡುಗ, ಇನ್ನೇನು ಮಾಡ್ತಾನೆ? ಅಂತರ ಯಾವುದೂ ಒಂದೇ ಥರ ಇರಲಿಲ್ಲ. ಹಾಡು ಶುರುವಾದ ವೇಗಕ್ಕೂ ಮುಗಿಯೋ ವೇಗಕ್ಕೂ ಸಂಬಂಧವೇ ಇಲ್ಲ, ನಡುವೆ ಗಾಡಿ ಇಳಿಜಾರಿಗೆ ಬಿದ್ದಂಗೆ ಓಡುತ್ತೆ. ಶುರುವಿನಲ್ಲಿ ಕೇಳುವ ಕೌಬೆಲ್ ಬಾರಿಸಿದ್ದು ಬ್ಯಾಂಡಿನವನೂ ಅಲ್ಲ, ನಿರ್ಮಾಪಕ ಜಿಮ್ಮಿ ಮಿಲ್ಲರ್. ಅದಕ್ಕೂ ಡ್ರಮ್ಸಿಗೂ ನೇರ ಹೊಂದಾಣಿಕೆ ಇಲ್ಲ, ಒಂದು ಇನ್ನೊಂದರ ಕಾಲು ತುಳಿದುಕೊಂಡೇ ಹೋಗುತ್ತೆ. ಆ ಎಡವಟ್ಟೇ ಹಾಡು. ನಾನು ಅದನ್ನು ಸರಿಮಾಡಿ ಬಾರಿಸಿದೆ. ಫೆಸ್ಟಿನಲ್ಲಿ ಯಾರೂ ಕುಣಿಯಲಿಲ್ಲ.

ಹಾಗಾಗಿ ಸ್ಟೋನ್ಸ್ ಕತೆಯನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ಚಾರ್ಲಿ ವಾಟ್ಸ್ 1963ರಲ್ಲಿ ಬ್ಯಾಂಡಿಗೆ ಬಂದ, 2021ರ ಆಗಸ್ಟ್ 24ರಂದು ಎಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡ. ಮನಸ್ಸಿನಲ್ಲಿ ಜಾಝ್ ವಾದಕ. ಸಾಮಾನ್ಯವಾಗಿ ರಾಕ್ ಡ್ರಮ್ಮರ್ ಬಲಗೈಯಿಂದ ಹೈ-ಹ್ಯಾಟ್ ತಟ್ಟುತ್ತಲೇ ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಎಡಗೈಯಿಂದ ಸ್ನೇರ್ ಹೊಡೀತಾನೆ. ವಾಟ್ಸ್ ಸ್ನೇರ್ ಹೊಡೆಯುವಾಗ ಹೈ-ಹ್ಯಾಟಿನಿಂದ ಬಲಗೈ ಎತ್ತಿಬಿಡ್ತಿದ್ದ. ಆ ಕ್ಷಣದಲ್ಲಿ ಸ್ನೇರ್ ಒಂದೇ ಕೇಳುತ್ತೆ, ಸುತ್ತ ಗಾಳಿ. ಮಾತಿನ ನಡುವೆ ತೆಗೆದುಕೊಳ್ಳುವ ಸಣ್ಣ ಉಸಿರಿನ ಹಾಗೆ. ಜೊತೆಗೆ ಬೇರೆ ಬ್ಯಾಂಡುಗಳು ಡ್ರಮ್ಮರ್ ಹಿಂದೆ ಹೋದರೆ, ಸ್ಟೋನ್ಸ್‌ನಲ್ಲಿ ಡ್ರಮ್ಮರ್ ಕೀತ್ ರಿಚರ್ಡ್ಸ್‌ನ ಗಿಟಾರ್ ಹಿಂದೆ ಹೋಗ್ತಿದ್ದ. ಒಂದು ಕೂದಲೆಳೆಯಷ್ಟು ತಡ. ಆ ತಡದಲ್ಲೇ ಈ ಬ್ಯಾಂಡಿನ ತೂಗಾಟ ಹುಟ್ಟೋದು.

ವಾಟ್ಸ್ ಜಾಗಕ್ಕೆ ಬಂದವನು ಸ್ಟೀವ್ ಜೋರ್ಡನ್. ನ್ಯೂಯಾರ್ಕಿನವನು. 1988ರಲ್ಲಿ ರಿಚರ್ಡ್ಸ್ ತನ್ನದೇ ಆಲ್ಬಂ 'ಟಾಕ್ ಈಸ್ ಚೀಪ್' ಮಾಡಿದಾಗ ಜೊತೆಗಿದ್ದವನು. ಇವನನ್ನು ಸೂಚಿಸಿದ್ದೂ ವಾಟ್ಸ್‌ನೇ ಅಂತ ರಿಚರ್ಡ್ಸ್ ಹೇಳಿಕೊಂಡಿದ್ದಾನೆ. ಜೋರ್ಡನ್ ಕೂತ ಮೇಲೆ ಹಾಡುಗಳು ಹೇಗಾದವು? ನನ್ನ ಕಿವಿಗೆ ಕೇಳೋದು ಇಷ್ಟು: ಸ್ನೇರ್ ಭಾರವಾಗಿದೆ, ಕೆಳಗಿನ ಕಿಕ್ ಡ್ರಮ್ ನೆಲಕ್ಕೆ ಹತ್ತಿರವಾಗಿದೆ, ವೇಗ ಅಲುಗಾಡಲ್ಲ. ವಾಟ್ಸ್ ರಿಚರ್ಡ್ಸ್‌ನ ಹಿಂದೆ ನಡೀತಿದ್ದ, ಜೋರ್ಡನ್ ಅವನಿಗೊಂದು ನೆಲ ಹಾಸಿ ಇದರ ಮೇಲೆ ನಡಿ ಅಂತಾನೆ. ಎಂಬತ್ತು ದಾಟುತ್ತಿರುವ ಬೆರಳುಗಳಿಗೆ ಆ ನೆಲ ಬೇಕಿತ್ತು ಅನ್ಸುತ್ತೆ. ಹಳೇ ಅಭಿಮಾನಿಗಳು ಇದರಲ್ಲಿ ತೂಗಾಟ ಇಲ್ಲ, ಡ್ರಮ್ಸ್ ಜೋರಾಯ್ತು ಅಂತ ಗೊಣಗುತ್ತಾರೆ. ಗೊಣಗಾಟ ಸುಳ್ಳಲ್ಲ. ಆದರೆ ಅವನು ವಾಟ್ಸ್‌ನ ನಕಲು ಮಾಡಿದ್ದರೆ ನಾವು ಇನ್ನೂ ಹೆಚ್ಚು ಬೇಜಾರಾಗ್ತಿದ್ದೆವು. ನಕಲಿಗೆ ಅಂತರ ಗೊತ್ತಿರುತ್ತೆ, ಆ ಅಂತರ ಯಾಕೆ ಹುಟ್ಟಿತು ಅಂತ ಗೊತ್ತಿರಲ್ಲ. ಆಡಾಸಿಟಿ ಮುಂದೆ ಕೂತಿದ್ದ ನನ್ನ ಕತೆಯೂ ಅದೇ.

ಇನ್ನೊಂದು ಮಜಾ ಇದೆ. 1969ರ 'ಲೆಟ್ ಇಟ್ ಬ್ಲೀಡ್' ಆಲ್ಬಮ್ಮಿನ 'ಯು ಕಾಂಟ್ ಆಲ್ವೇಸ್ ಗೆಟ್ ವಾಟ್ ಯು ವಾಂಟ್' ಹಾಡಿಗೆ ಡ್ರಮ್ಸ್ ಬಾರಿಸಿದ್ದು ವಾಟ್ಸ್ ಅಲ್ಲ. ಆ ನಡೆ ಅವನ ಕೈಗೆ ಕೂರಲಿಲ್ಲ, ತೋರಿಸಿಕೊಡೋಕೆ ಕೂತ ಜಿಮ್ಮಿ ಮಿಲ್ಲರ್‌ನೇ ಬಾರಿಸಿ ಮುಗಿಸಿದ. ಮುಂದಿನ ಐವತ್ತು ವರ್ಷ ವೇದಿಕೆಗಳ ಮೇಲೆ ವಾಟ್ಸ್ ಬಾರಿಸಿದ್ದು ಮಿಲ್ಲರ್‌ನ ತಾಳವನ್ನು. ಅಂದ್ರೆ ಈ ಹಾಡಿನ ಮಟ್ಟಿಗೆ ಮೂಲ ಡ್ರಮ್ಮರ್ ಅಂತ ನಾವು ಪೂಜಿಸೋ ಮನುಷ್ಯನೇ ಬದಲಿ ಆಟಗಾರ. ಜೋರ್ಡನ್ ಬದಲಿಗೆ ಬದಲಿ.

ಹಾಡು ಅಂದ್ರೆ ಧಾಟಿ ಮತ್ತು ಸಾಹಿತ್ಯ, ತಾಳ ಅನ್ನೋದು ಅದರ ಮೇಲೆ ಹಾಕೋ ಬಟ್ಟೆ ಅಂತ ನಂಬಿದವರು ಒಂದು ಸಿನಿಮಾ ನೋಡಬೇಕು. ಫ್ರೆಂಚ್ ನಿರ್ದೇಶಕ ಜಾನ್ ಲುಕ್ ಗೊದಾರ್ 1968ರ ಜೂನ್‌ನಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋಗೆ ಕ್ಯಾಮೆರಾ ತಗೊಂಡು ಹೋದ. ಸ್ಟೋನ್ಸ್ ಅಲ್ಲಿ 'ಸಿಂಪಥಿ ಫಾರ್ ದ ಡೆವಿಲ್' ಕಟ್ಟುತ್ತಿದ್ದರು. ಶುರುವಿನಲ್ಲಿ ಅದೊಂದು ನಿಧಾನದ, ಸ್ವಲ್ಪ ಬೋರು ಹೊಡೆಸೋ ಹಾಡು. ಮಿಕ್ ಜಾಗರ್ ಗಿಟಾರ್ ಹಿಡಿದು ಹಾಡ್ತಾನೆ, ವಾಟ್ಸ್ ಏನೋ ಒಂದು ಬಾರಿಸ್ತಾನೆ, ಕೂರಲ್ಲ. ಮತ್ತೊಂದು ಟೇಕ್, ಮತ್ತೊಂದು. ಘಾನಾ ಮೂಲದ ರಾಕಿ ಜಿಡ್ಜೋರ್ನು ಕಾಂಗಾ ಹಿಡಿದು ಕೂರ್ತಾನೆ, ವೇಗ ಏರುತ್ತೆ, ಸಾಂಬಾ ನಡೆ ಬರುತ್ತೆ. ರಿಚರ್ಡ್ಸ್ ಬೇಸ್ ಗಿಟಾರ್ ಕೈಗೆ ತಗೊಳ್ತಾನೆ. ನಿಜವಾದ ಬೇಸ್ ವಾದಕ ಬಿಲ್ ವೈಮನ್ ಕೈಯಲ್ಲಿ ಅಲ್ಲಾಡಿಸೋ ಮರಾಕಾಸ್! ಸಾಹಿತ್ಯ ಹೆಚ್ಚೂಕಡಿಮೆ ಅದೇ. ಆದರೆ ಆ ಹೊತ್ತಿಗೆ ಅದು ಇಡೀ ಜಗತ್ತು ಗುರುತಿಸುವ ಹಾಡಾಗಿದೆ. ಬದಲಾಗಿದ್ದು ಕೆಳಗಿನ ನೆಲ ಮಾತ್ರ.

ಆ ಹಾಡಿನ ಕರ್ತೃಗಳು ಯಾರು ಅಂತ ರೆಕಾರ್ಡ್ ಮೇಲೆ ಬರೆದಿದೆ: ಜಾಗರ್, ರಿಚರ್ಡ್ಸ್. ರಾಕಿ ಇಲ್ಲ, ವಾಟ್ಸ್ ಇಲ್ಲ.

ಇಲ್ಲಿಗೆ ಬಂತು ನೋಡಿ ದುಡ್ಡಿನ ಮಾತು. ಹಾಡು ರೇಡಿಯೋದಲ್ಲಿ ಬಂದಾಗ, ಜಾಹೀರಾತಿಗೆ ಬಳಸಿದಾಗ, ಬೇರೆಯವರು ಹಾಡಿದಾಗ ದುಡ್ಡು ಹರಿಯೋದು ಕರ್ತೃ ಅಂತ ಹೆಸರಿರುವವರ ಕಡೆಗೆ. ಅದು ದಶಕಗಟ್ಟಲೆ ಬರುವ ಬಾಡಿಗೆ. ಬಾರಿಸಿದವನಿಗೆ ರೆಕಾರ್ಡಿನ ಪಾಲು ಇರಬಹುದು, ಇಲ್ಲದಿದ್ದರೆ ದಿನಗೂಲಿ. ಸ್ಟೋನ್ಸ್ ಶುರುವಿನಲ್ಲಿ ಹೀಗಿರಲಿಲ್ಲ. 1963ರಿಂದ 65ರವರೆಗೆ ಎಲ್ಲರೂ ಸೇರಿ ಕಟ್ಟಿದ ಹಾಡಿಗೆ 'ನ್ಯಾಂಕರ್ ಫೆಲ್ಜ್' ಅನ್ನೋ ಕಾಲ್ಪನಿಕ ಹೆಸರು ಹಾಕಿ ಕರ್ತೃತ್ವ ಹಂಚಿಕೊಳ್ತಿದ್ದರು. ಡ್ರಮ್ಮರ್‌ಗೂ ಪಾಲು, ಬೇಸ್ ವಾದಕನಿಗೂ ಪಾಲು. ದುಡ್ಡು ದೊಡ್ಡದಾದ ಹೊತ್ತಿಗೆ ಆ ಹೆಸರು ಮಾಯ. 'ಜಂಪಿಂಗ್ ಜ್ಯಾಕ್ ಫ್ಲ್ಯಾಶ್' ಹಾಡಿನ ಮುಖ್ಯ ರಿಫ್ ತನ್ನದು ಅಂತ ವೈಮನ್ ಆಮೇಲೆ ಹೇಳಿಕೊಂಡ. ರೆಕಾರ್ಡ್ ಮೇಲೆ ಆ ಎರಡು ಹೆಸರೇ.

ಕಾನೂನೂ ಇದಕ್ಕೆ ಒತ್ತಾಸೆಯಾಗಿಯೇ ನಿಂತಿದೆ. ಪ್ರೊಕಾಲ್ ಹಾರಂ ಬ್ಯಾಂಡಿನ 1967ರ 'ಎ ವೈಟರ್ ಶೇಡ್ ಆಫ್ ಪೇಲ್' ಹಾಡಿನಲ್ಲಿ ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಶರ್, ಸುಮಾರು ನಾಲ್ಕು ದಶಕದ ನಂತರ ಕೋರ್ಟಿಗೆ ಹೋದ. 2006ರಲ್ಲಿ ಹಾಡಿನ ಸಂಗೀತದಲ್ಲಿ ಶೇ. 40ರಷ್ಟು ಪಾಲು ಸಿಕ್ಕಿತು, 2009ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಅವನ ಪರ ನಿಂತಿತು. ಒಳ್ಳೇದಾಯ್ತು. ಆದರೆ ಅವನ ಅದೃಷ್ಟಕ್ಕೆ ಅವನು ನುಡಿಸಿದ್ದು ಸ್ವರ. ತಾಳ ನುಡಿಸಿದವರ ಗತಿ ನೋಡಬೇಕಂದ್ರೆ ಗ್ರೆಗರಿ ಕೋಲ್ಮನ್ ಕಡೆ ನೋಡಿ. 1969ರಲ್ಲಿ ದಿ ವಿನ್‌ಸ್ಟನ್ಸ್ ಬ್ಯಾಂಡಿನ 'ಆಮೆನ್, ಬ್ರದರ್' ಹಾಡಿಗೆ ಅವನು ಬಾರಿಸಿದ ಕೆಲವೇ ಸೆಕೆಂಡುಗಳ ಡ್ರಮ್ಸ್ ಮುಂದೆ ಸಾವಿರಾರು ಹಿಪ್‌ಹಾಪ್ ಮತ್ತು ಜಂಗಲ್ ಹಾಡುಗಳಿಗೆ ಅಡಿಪಾಯವಾಯ್ತು. ಕೋಲ್ಮನ್‌ಗೆ ರಾಯಲ್ಟಿ ಬರಲಿಲ್ಲ. 2006ರಲ್ಲಿ ನಿರ್ಗತಿಕನಾಗಿ ಸತ್ತ.

ರಶ್ ಬ್ಯಾಂಡಿನ ನೀಲ್ ಪಿಯರ್ಟ್ ಉದಾಹರಣೆ ಇನ್ನೂ ವಿಚಿತ್ರ. ಡ್ರಮ್ಸ್ ಕಲಿಯುವ ಹುಡುಗರು ಅವನ ಒಂದೊಂದು ಪೆಟ್ಟನ್ನೂ ಉರುಹೊಡೆಯುತ್ತಾರೆ. ಆದರೆ ರಶ್‌ನ ಬಹುತೇಕ ಹಾಡುಗಳಲ್ಲಿ ಅವನ ಹೆಸರಿರೋದು ಸಾಹಿತ್ಯಕ್ಕೆ, ಯಾಕಂದ್ರೆ ಅವನು ಬರೆಯುತ್ತಲೂ ಇದ್ದ. ಸಂಗೀತ ಅಂತ ಇರೋ ಕಡೆ ಗೆಡ್ಡಿ ಲೀ, ಅಲೆಕ್ಸ್ ಲೈಫ್‌ಸನ್. ಪಿಯರ್ಟ್ 2020ರ ಜನವರಿಯಲ್ಲಿ ತೀರಿಕೊಂಡ. 2025ರ ಅಕ್ಟೋಬರ್‌ನಲ್ಲಿ ಉಳಿದಿಬ್ಬರು ಮತ್ತೆ ಪ್ರವಾಸ ಘೋಷಿಸಿದರು, ಡ್ರಮ್ಸಿಗೆ ಜರ್ಮನಿಯ ಆನಿಕಾ ನಿಲ್ಲೆಸ್. ಸುದ್ದಿ ಬಂದ ದಿನವೇ ಆನ್‌ಲೈನ್‌ನಲ್ಲಿ ಪ್ರಶ್ನೆ ಶುರು: ಇವಳು ಪಿಯರ್ಟ್ ಥರಾನೇ ಬಾರಿಸ್ತಾಳಾ? ಒಂದು ಪೆಟ್ಟು ಆಚೀಚೆ ಆದರೂ ಹಾಡು ಕೆಡುತ್ತೆ ಅಂತ ಅಭಿಮಾನಿಗಳು ಹೆದರೋದಾದರೆ, ಆ ಪೆಟ್ಟು ಸಂಗೀತ ಅಲ್ಲದೆ ಮತ್ತೇನು?

ಎಲ್ಲ ಬ್ಯಾಂಡ್ ಹೀಗಿಲ್ಲ. ಲೆಡ್ ಝೆಪ್ಲಿನ್‌ನ 'ರಾಕ್ ಆಂಡ್ ರೋಲ್' ಶುರುವಾದದ್ದೇ ಜಾನ್ ಬಾನಮ್ ಡ್ರಮ್ಸ್‌ನಲ್ಲಿ ಸುಮ್ಮನೆ ಬಾರಿಸಿದ ಒಂದು ತುಣುಕಿನಿಂದ, ಅದಕ್ಕೆ ನಾಲ್ಕೂ ಜನರ ಹೆಸರಿದೆ. 1980ರಲ್ಲಿ ಬಾನಮ್ ಸತ್ತಾಗ ಅವರು ಬದಲಿ ಹುಡುಕಲಿಲ್ಲ, ಬ್ಯಾಂಡನ್ನೇ ಮುಚ್ಚಿದರು. 2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಒಂದು ದಿನದ ಮಟ್ಟಿಗೆ ಮತ್ತೆ ಸೇರಿದಾಗ ಡ್ರಮ್ಸ್ ಮುಂದೆ ಕೂತಿದ್ದು ಅವನ ಮಗ ಜೇಸನ್. ಹಾಗಂತ ಎಲ್ಲರೂ ಅಂಗಡಿ ಮುಚ್ಚಲಿ ಅಂತ ನಾನು ಹೇಳ್ತಿಲ್ಲ. ಹಾಡು ಬದುಕಬೇಕಂದ್ರೆ ಬೇರೆ ಕೈಗೆ ಹೋಗಲೇಬೇಕು. ನಮ್ಮಲ್ಲಿ ಮೃದಂಗದವರು ಬದಲಾದರೆ ಅದೇ ಕೃತಿ ಬೇರೆ ಥರ ನಡೆಯುತ್ತೆ, ಮದ್ದಳೆಯವರು ಬದಲಾದರೆ ಯಕ್ಷಗಾನದ ಕುಣಿತವೇ ಬದಲಾಗುತ್ತೆ ಅನ್ನೋದು ಕೇಳುವವರಿಗೆಲ್ಲ ಗೊತ್ತು. ಆದರೂ ಅವರನ್ನು ನಾವು ಕರೆಯೋದು ಪಕ್ಕವಾದ್ಯ, ಹಿಮ್ಮೇಳ ಅಂತ. ಪಕ್ಕ, ಹಿಂದೆ. ಕುರ್ಚಿ ಎಲ್ಲಿ ಅನ್ನೋದು ಹೆಸರಲ್ಲೇ ಇದೆ. ಹಾಗಾಗಿ ಲಂಡನ್ನಿನವರಿಗೆ ಪಾಠ ಹೇಳೋ ಸ್ಥಿತಿಯಲ್ಲಿ ನಾವೇನೂ ಇಲ್ಲ.

ಜೋರ್ಡನ್‌ಗೆ ಒಂದು ಅನುಕೂಲ ಇತ್ತು. ರಿಚರ್ಡ್ಸ್‌ನ ಸ್ವಂತ ಆಲ್ಬಮ್ಮಿನಲ್ಲಿ ಅವನು ಸಹ-ಕರ್ತೃ, ಹಾಡುಗಳ ಮೇಲೆ ರಿಚರ್ಡ್ಸ್ ಜೊತೆ ಅವನ ಹೆಸರೂ ಇದೆ. ಡ್ರಮ್ಮರ್‌ನನ್ನು ಹಾಡು ಕಟ್ಟುವವನು ಅಂತ ಒಪ್ಪೋದು ಅಸಾಧ್ಯವೇನಲ್ಲ, ಮನಸ್ಸು ಮಾಡಬೇಕು ಅಷ್ಟೇ. ನನ್ನನ್ನು ಹೆಚ್ಚು ಕಾಡೋದು ಅವನ ಪಕ್ಕದಲ್ಲಿ ನಿಂತಿರುವ ಡ್ಯಾರಿಲ್ ಜೋನ್ಸ್. ಶಿಕಾಗೋದವನು, ಇಪ್ಪತ್ತೊಂದರ ಆಸುಪಾಸಿನಲ್ಲೇ ಮೈಲ್ಸ್ ಡೇವಿಸ್ ಜೊತೆ ನುಡಿಸಿದವನು. ವೈಮನ್ ಬಿಟ್ಟುಹೋದ ಮೇಲೆ 1993ರಲ್ಲಿ ಆಡಿಶನ್ ನಡೆದಾಗ, ಯಾರು ಬೇಕು ಅನ್ನೋ ತೀರ್ಮಾನವನ್ನು ಜಾಗರ್ ಮತ್ತು ರಿಚರ್ಡ್ಸ್ ವಾಟ್ಸ್‌ಗೆ ಬಿಟ್ಟರು. ವಾಟ್ಸ್ ಜೋನ್ಸ್‌ನನ್ನು ಆರಿಸಿದ. ವೈಮನ್ ಬ್ಯಾಂಡಿನಲ್ಲಿದ್ದದ್ದು ಸುಮಾರು ಮೂವತ್ತು ವರ್ಷ. ಜೋನ್ಸ್ ಈಗ ಅದನ್ನೂ ದಾಟಿದ್ದಾನೆ. ಆದರೂ ಅವನು ಸದಸ್ಯ ಅಲ್ಲ, ಗೊತ್ತುಮಾಡಿಕೊಂಡ ವಾದಕ. ಗಿಟಾರಿನ ರಾನಿ ವುಡ್ ಕೂಡ ಹಲವು ವರ್ಷ ಸಂಬಳಕ್ಕಿದ್ದು ಆಮೇಲೆ ಪಾಲುದಾರನಾದ. ಜೋನ್ಸ್‌ಗೆ ಆ ಬಾಗಿಲು ತೆರೆಯಲಿಲ್ಲ.

2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರು. ನಾನಾಗ ಏಳನೇ ಕ್ಲಾಸು, ಶಿವಮೊಗ್ಗದಲ್ಲಿ, ಈ ಹೆಸರೂ ಗೊತ್ತಿರಲಿಲ್ಲ. ಆ ರಾತ್ರಿ ಅಲ್ಲಿದ್ದ ನಮ್ಮ ದೊಡ್ಡಪ್ಪನ ಮಗ ಇವತ್ತಿಗೂ ಜಾಗರ್ ಓಡಾಡಿದ್ದನ್ನು, ರಿಚರ್ಡ್ಸ್ ಸಿಗರೇಟ್ ಹಿಡಿದದ್ದನ್ನು ಹೇಳ್ತಾನೆ. ಈ ಲೇಖನಕ್ಕೆ ಅಂತ ಫೋನ್ ಮಾಡಿ ಕೇಳಿದೆ, "ಬೇಸ್ ಯಾರು ನುಡಿಸ್ತಿದ್ರು?" ಸ್ವಲ್ಪ ಯೋಚಿಸಿ ಹೇಳಿದ, "ಯಾರೋ ಹಿಂದೆ ಇದ್ದ ಕಣೋ, ಆದರೆ ಎದೆಗೆ ಗುದ್ದಿದ ಹಾಗೆ ಆಗ್ತಿತ್ತು."

ಆ "ಯಾರೋ" ಮುಂದೆ ಬರೋದನ್ನು ನೋಡಬೇಕಂದ್ರೆ ಅವರ ಯಾವುದಾದರೂ ಲೈವ್ ವೀಡಿಯೋದಲ್ಲಿ 'ಮಿಸ್ ಯೂ' ಹುಡುಕಿ. 1978ರ ಹಾಡು, ಇಡೀ ಹಾಡು ನಿಂತಿರೋದೇ ಬೇಸ್ ಮೇಲೆ. ಆ ಬೇಸ್ ನಡೆಯ ಐಡಿಯಾ ತನ್ನದಲ್ಲ, ಕೀಬೋರ್ಡಿನ ಬಿಲ್ಲಿ ಪ್ರೆಸ್ಟನ್‌ನದು ಅಂತ ವೈಮನ್ ಹೇಳಿದ್ದಾನೆ. ಪ್ರೆಸ್ಟನ್‌ನಿಂದ ವೈಮನ್‌ಗೆ, ವೈಮನ್‌ನಿಂದ ಜೋನ್ಸ್‌ಗೆ. ಜೋನ್ಸ್ ಮೊದಲು ಅದನ್ನು ಇದ್ದ ಹಾಗೇ ನುಡಿಸ್ತಾನೆ, ಚಾಚೂ ತಪ್ಪದೆ. ಹಾಡಿನ ನಡುವೆ ಜಾಗರ್ ಅವನ ಕಡೆ ಕೈ ತೋರಿಸ್ತಾನೆ, ಉಳಿದವರು ದನಿ ತಗ್ಗಿಸ್ತಾರೆ, ಜೋನ್ಸ್ ಎರಡು ಹೆಜ್ಜೆ ಮುಂದೆ ಬರ್ತಾನೆ. ಆಮೇಲೆ ಅವನು ನುಡಿಸೋದು ಪ್ರೆಸ್ಟನ್‌ನದೂ ಅಲ್ಲ, ವೈಮನ್‌ನದೂ ಅಲ್ಲ. ತಂತಿಯನ್ನು ಹೆಬ್ಬೆರಳಿನಿಂದ ಹೊಡೀತಾನೆ, ಎಳೀತಾನೆ, ಒಂದು ಬೀಟ್ ಬಿಟ್ಟು ಕಾಯಿಸ್ತಾನೆ, ಶಿಕಾಗೋ ಬರುತ್ತೆ, ಮೈಲ್ಸ್ ಡೇವಿಸ್ ಬರ್ತಾನೆ. ಜನ ಕಿರುಚ್ತಾರೆ. ಅದು ಮುಗಿದ ಮೇಲೆ ಅವನು ಎರಡು ಹೆಜ್ಜೆ ಹಿಂದೆ ಸರಿದು ಡ್ರಮ್ಸ್ ಪಕ್ಕಕ್ಕೆ ಹೋಗಿ ನಿಲ್ತಾನೆ, ಹಳೇ ನಡೆ ಮತ್ತೆ ಶುರುವಾಗುತ್ತೆ, ಜಾಗರ್ ಮೈಕ್ ಎತ್ತಿಕೊಳ್ತಾನೆ.